ಇಳಕಲ್ ಸೀರೆಯ ಆನ್‌ಲೈನ್ ಅಂಗಡಿಗೆ ವೂಕಾಮರ್ಸ್ ಒಳ್ಳೆಯದೋ, ಶಾಪಿಫೈ ಒಳ್ಳೆಯದೋ?

ಪ್ರಶ್ನೆ: ನಮ್ಮದು ಇಳಕಲ್ಲಿನಲ್ಲಿ ಸೀರೆ ವ್ಯಾಪಾರ. ನಮ್ಮ ಮಗ್ಗಗಳಲ್ಲಿಯೂ ಊರಿನ ಬೇರೆ ನೇಕಾರರ ಮನೆಗಳಲ್ಲಿಯೂ ನೇಯ್ದ ಸೀರೆಗಳನ್ನು ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಮೂಲಕ ತಿಂಗಳಿಗೆ ನಲವತ್ತರಷ್ಟು ಮಾರುತ್ತೇವೆ. ಸರಾಸರಿ ಬೆಲೆ ಮೂರು ಸಾವಿರ ರೂಪಾಯಿ. ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಮಹಾರಾಷ್ಟ್ರದವರು. ಈಗ ನಮ್ಮದೇ ಆನ್‌ಲೈನ್ ಅಂಗಡಿ ತೆರೆಯಬೇಕೆಂದಿದ್ದೇವೆ. ಎಂಜಿನಿಯರಿಂಗ್ ಓದುತ್ತಿರುವ ತಮ್ಮನ ಮಗ "ವೂಕಾಮರ್ಸ್ ಉಚಿತ, ನಾನೇ ಮಾಡಿಕೊಡುತ್ತೇನೆ" ಎನ್ನುತ್ತಾನೆ. ಹುಬ್ಬಳ್ಳಿಯ ಪರಿಚಯದವರೊಬ್ಬರು "ಶಾಪಿಫೈ ತಗೊಳ್ಳಿ, ತಲೆನೋವಿಲ್ಲ" ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ನೀವು ಬರೆದಿರುವ ಪರಿಸ್ಥಿತಿಯಲ್ಲಿ, ಅಂದರೆ ಮನೆಯಲ್ಲಿ ತಂತ್ರಾಂಶವನ್ನು ಕಾಯಂ ಆಗಿ ನೋಡಿಕೊಳ್ಳುವವರು ಇಲ್ಲದೆ ತಿಂಗಳಿಗೆ ಸುಮಾರು 1,20,000 ರೂಪಾಯಿಯ ವಹಿವಾಟು ಇರುವಾಗ, ಮೊದಲ ಒಂದೆರಡು ವರ್ಷ ಶಾಪಿಫೈಯಂಥ ಬಾಡಿಗೆಯ ವಾಣಿಜ್ಯ ತಂತ್ರಾಂಶದಲ್ಲಿಯೇ ಅಂಗಡಿ ನಡೆಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಹುಬ್ಬಳ್ಳಿಯವರು ಹೇಳಿದ "ತಲೆನೋವಿಲ್ಲ" ಎಂಬ ಕಾರಣಕ್ಕಲ್ಲ. ತಲೆನೋವು ಎರಡೂ ಕಡೆ ಇದೆ. ಅದು ಯಾವ ಬಗೆಯದು, ಬಂದಾಗ ಯಾರು ನೋಡಿಕೊಳ್ಳುತ್ತಾರೆ, ಮುಂದೊಮ್ಮೆ ಬೇಡವೆನಿಸಿ ಹೊರಡುವಾಗ ನಿಮ್ಮ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದರ ಮೇಲೆ ಆಯ್ಕೆ ನಿಲ್ಲಬೇಕೇ ಹೊರತು ಉಚಿತ ಮತ್ತು ದುಬಾರಿ ಎಂಬ ಲೆಕ್ಕದ ಮೇಲಲ್ಲ.

ಮೊದಲು ಇವೆರಡು ಏನೆಂದು ನೋಡೋಣ. ವೂಕಾಮರ್ಸ್ 2011ರಲ್ಲಿ ಬಂದ, ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ ಕೂರುವ ಮುಕ್ತ ತಂತ್ರಾಂಶ. 2015ರಲ್ಲಿ ಅದನ್ನು ಆಟೊಮ್ಯಾಟಿಕ್ ಕಂಪನಿ ಕೊಂಡುಕೊಂಡಿತು. ಅದರ ಜಿಪಿಎಲ್ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಅದನ್ನು ಇಳಿಸಿಕೊಂಡು ಬಳಸಬಹುದು, ಬದಲಾಯಿಸಬಹುದು, ಹಂಚಬಹುದು. ಅದನ್ನು ಓಡಿಸುವ ಸರ್ವರ್ (ಸದಾ ಚಾಲೂ ಇರುವ ಕಂಪ್ಯೂಟರ್), ಬ್ಯಾಕಪ್ (ಕಾಪಿಟ್ಟ ಪ್ರತಿ), ಅಪ್‌ಡೇಟ್ ಇವೆಲ್ಲ ನಿಮ್ಮ ಜವಾಬ್ದಾರಿ. ಶಾಪಿಫೈ ಕೆನಡಾದ ಒಟ್ಟಾವದಲ್ಲಿ 2006ರಲ್ಲಿ ಶುರುವಾದ ಸೇವೆ. ಅದರ ತಂತ್ರಾಂಶ ನಿಮ್ಮ ಕೈಗೆ ಬರುವುದೇ ಇಲ್ಲ. ತಿಂಗಳ ಬಾಡಿಗೆ ಕಟ್ಟಿ ಅವರ ಸರ್ವರಿನಲ್ಲಿ ಅಂಗಡಿ ನಡೆಸುತ್ತೀರಿ. ಶಾಪಿಫೈ ಸ್ವತಃ ರೂಬಿ ಆನ್ ರೈಲ್ಸ್ ಎಂಬ ಮುಕ್ತ ಚೌಕಟ್ಟಿನ ಮೇಲೆ ಕಟ್ಟಿದ್ದು, ಅಂಗಡಿಯ ನೋಟವನ್ನು ನಿರ್ಧರಿಸುವ ಅದರ ಥೀಮ್‌ಗಳನ್ನು ಬರೆಯುವ ಲಿಕ್ವಿಡ್ ಭಾಷೆ ಕೂಡ ಮುಕ್ತವೇ. ಹಾಗಿದ್ದೂ ಅಂಗಡಿಯ ಕೀಲಿ ಅವರ ಹತ್ತಿರವೇ ಇರುತ್ತದೆ.

ನಿಮ್ಮ ವ್ಯಾಪಾರದಲ್ಲಿ ಒಂದು ವಿಶೇಷವಿದೆ. ಈ ಬಗ್ಗೆ ಸಲಹೆ ಕೊಡುವವರಲ್ಲಿ ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ಟೀ ಶರ್ಟ್ ಮಾರುವವನ ಬಳಿ ಒಂದೇ ಬಗೆಯ ನೂರು ಅಂಗಿಗಳಿರುತ್ತವೆ, ಕೈಮಗ್ಗದ ಸೀರೆಯ ಕಥೆ ಹಾಗಲ್ಲ. ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ನೇಯ್ದ ಒಂದು ಸೀರೆಯ ಬಣ್ಣ, ಅಂಚು, ಸೆರಗು ಮೂರೂ ಹಾಗೆಯೇ ಹೊಂದಿದ ಇನ್ನೊಂದು ನಿಮ್ಮ ಕಪಾಟಿನಲ್ಲಿ ಇರಲಿಕ್ಕಿಲ್ಲ. ಆದ್ದರಿಂದ ಪ್ರತಿ ಸೀರೆಯ ದಾಸ್ತಾನು ಒಂದೇ. ಅದೇ ಸೀರೆಯ ಚಿತ್ರ ಇನ್‌ಸ್ಟಾಗ್ರಾಂನಲ್ಲಿಯೂ ಇದೆ, ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿಯೂ ಓಡಾಡುತ್ತಿದೆ. ಸೊಲ್ಲಾಪುರದ ಒಬ್ಬರು ಜಾಲತಾಣದಲ್ಲಿ ಹಣ ಕಟ್ಟುವ ಹೊತ್ತಿಗೆ ಬೆಳಗಾವಿಯ ಇನ್ನೊಬ್ಬರಿಗೆ ನೀವು ವಾಟ್ಸ್‌ಆ್ಯಪ್‌ನಲ್ಲಿ "ಆಯ್ತು ಅಕ್ಕಾ, ತೆಗೆದಿಡ್ತೀನಿ" ಎಂದು ಬರೆದಿರುತ್ತೀರಿ.

ಇಂಥ ಸಂದರ್ಭದಲ್ಲಿ ಎರಡೂ ತಂತ್ರಾಂಶಗಳು ನಡೆದುಕೊಳ್ಳುವ ರೀತಿ ಬೇರೆ. ಶಾಪಿಫೈಯಲ್ಲಿ ಗಿರಾಕಿ ಸೀರೆಯನ್ನು ಬುಟ್ಟಿಗೆ ಹಾಕಿಕೊಂಡ ಮಾತ್ರಕ್ಕೆ ಅದು ಅವರಿಗೆಂದು ಕಾದಿರಿಸಿಕೊಳ್ಳುವುದಿಲ್ಲ. ಮೊದಲು ಖರೀದಿ ಮುಗಿಸಿದವರಿಗೆ ಅದು ಹೋಗುತ್ತದೆ. ವೂಕಾಮರ್ಸ್‌ನಲ್ಲಿ ಹಣ ಬಾರದ ಆರ್ಡರಿಗೂ ದಾಸ್ತಾನನ್ನು ಸ್ವಲ್ಪ ಹೊತ್ತು ಹಿಡಿದಿಡುವ ವ್ಯವಸ್ಥೆ ಇದೆ. ನೀವು ಬದಲಾಯಿಸದಿದ್ದರೆ ಆ ಅವಧಿ 60 ನಿಮಿಷ. ಮೇಲ್ನೋಟಕ್ಕೆ ಇದು ಒಂದೇ ಪ್ರತಿಯ ಸರಕಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಆದರೆ ಒಳಗೊಂದು ತೊಡಕಿದೆ. ಯುಪಿಐ ಪಾವತಿಯಲ್ಲಿ ಗಿರಾಕಿಯ ಖಾತೆಯಿಂದ ಹಣ ಹೋದರೂ ಬ್ಯಾಂಕಿನಿಂದ ಖಚಿತ ಉತ್ತರ ತಡವಾಗುವುದು ಅಪರೂಪವೇನಲ್ಲ. ಅಷ್ಟರಲ್ಲಿ ಅವಧಿ ಮುಗಿದು ಆರ್ಡರು ತಾನಾಗಿಯೇ ರದ್ದಾಗಿ, ಸೀರೆ ಮತ್ತೆ ಮಾರಾಟಕ್ಕೆ ಬಂದು, ಅದನ್ನು ಇನ್ನೊಬ್ಬರು ಕೊಂಡರೆ ಒಂದೇ ಸೀರೆಗೆ ಇಬ್ಬರು ಹಣ ಕೊಟ್ಟಂತಾಗುತ್ತದೆ. ಇದರ ತದ್ವಿರುದ್ಧವೂ ಆಗಬಹುದು: ರದ್ದು ಮಾಡುವ ಈ ಕೆಲಸ ವರ್ಡ್‌ಪ್ರೆಸ್‌ನ ಒಳಗಿನ ವೇಳಾಪಟ್ಟಿಯಿಂದ ನಡೆಯುತ್ತದೆ, ಆ ವೇಳಾಪಟ್ಟಿ ಯಾರಾದರೂ ತಾಣಕ್ಕೆ ಭೇಟಿ ಕೊಟ್ಟಾಗ ಮಾತ್ರ ಎಚ್ಚರಗೊಳ್ಳುತ್ತದೆ. ಜನರ ಓಡಾಟ ಕಡಿಮೆ ಇರುವ ಹೊಸ ತಾಣದಲ್ಲಿ ಹಣ ಬಾರದ ಆರ್ಡರು ರಾತ್ರಿಯಿಡೀ ರದ್ದಾಗದೆ ಬಾಕಿ ಉಳಿದಿರಬಹುದು. ಸರ್ವರಿನಲ್ಲಿ ಗೊತ್ತುಮಾಡಿದ ಹೊತ್ತಿಗೆ ತಾನಾಗಿಯೇ ಓಡುವ ನಿಜವಾದ ಕ್ರಾನ್ ಕೆಲಸವೊಂದನ್ನು ಜೋಡಿಸಿದರೆ ಇದು ಸರಿಯಾಗುತ್ತದೆ, ಆದರೆ ಜೋಡಿಸಬೇಕೆಂದು ಮೊದಲು ಗೊತ್ತಿರಬೇಕು.

ಪಾವತಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಹಣ ಬಂದಿದೆ ಎಂಬ ಸುದ್ದಿ ಗಿರಾಕಿಯ ಬ್ರೌಸರಿನಿಂದ ಮಾತ್ರ ಬಂದರೆ ಸಾಲದು. ಪೇಮೆಂಟ್ ಗೇಟ್‌ವೇಯ (ಗಿರಾಕಿಯ ಹಣ ಪಡೆದು ನಿಮಗೆ ಮುಟ್ಟಿಸುವ ಸಂಸ್ಥೆಯ) ಸರ್ವರ್ ನೇರವಾಗಿ ನಿಮ್ಮ ಸರ್ವರಿಗೆ ಅಸಲಿಯೆಂದು ಪರೀಕ್ಷಿಸಬಹುದಾದ ಡಿಜಿಟಲ್ ಸಹಿ ಇರುವ ಸಂದೇಶ ಕಳಿಸಬೇಕು. ಇದನ್ನು ವೆಬ್‌ಹುಕ್ ಎನ್ನುತ್ತಾರೆ. ಗೇಟ್‌ವೇಯವರೇ ಕೊಡುವ ಸಿದ್ಧ ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸುವ ಪುಟ್ಟ ಭಾಗ) ಬಳಸಿ, ಅದರ ವೆಬ್‌ಹುಕ್ಕನ್ನು ಚಾಲೂ ಮಾಡಿದರೆ ಈ ಕೆಲಸ ನಡೆಯುತ್ತದೆ. ಕಾಲೇಜು ಹುಡುಗರು ಉತ್ಸಾಹದಲ್ಲಿ ತಾವೇ ಕೋಡ್ ಬರೆದಾಗ ಸಹಿಯ ಪರೀಕ್ಷೆಯನ್ನು ಬಿಟ್ಟುಬಿಡುವುದುಂಟು. ಆಗ ಹಣ ಕಟ್ಟದೆಯೇ "ಪಾವತಿ ಯಶಸ್ವಿ" ಎಂದು ತೋರಿಸಿ ಸೀರೆ ತರಿಸಿಕೊಳ್ಳಲು ದಾರಿಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸುಳ್ಳು ಸ್ಕ್ರೀನ್‌ಶಾಟ್ ಕಳಿಸುವವರನ್ನು ನೀವು ಈಗಾಗಲೇ ಕಂಡಿರುತ್ತೀರಿ. ಅದೇ ಮೋಸದ ಇನ್ನೊಂದು ರೂಪ ಇದು.

ಈಗ ಹಣದ ಲೆಕ್ಕ. ಪೇಮೆಂಟ್ ಗೇಟ್‌ವೇಯ ಶುಲ್ಕ, ಸಾಮಾನ್ಯವಾಗಿ ಶೇ. 2ರ ಆಸುಪಾಸು ಮತ್ತು ಆ ಶುಲ್ಕದ ಮೇಲೆ ಜಿಎಸ್‌ಟಿ, ಎರಡೂ ಕಡೆ ಇದ್ದೇ ಇರುವುದರಿಂದ ಹೋಲಿಕೆಯಲ್ಲಿ ಅದನ್ನು ಬಿಟ್ಟುಬಿಡೋಣ. ಶಾಪಿಫೈಯ ಬಗ್ಗೆ ಜನ ಮರೆಯುವುದು ಬೇರೊಂದು ಶುಲ್ಕವನ್ನು. ಅವರದೇ ಪಾವತಿ ವ್ಯವಸ್ಥೆಯನ್ನು ಬಳಸಿದರೆ ಆ ಶುಲ್ಕವಿಲ್ಲ, ಆದರೆ ಆ ವ್ಯವಸ್ಥೆ ಭಾರತದ ಅಂಗಡಿಗಳಿಗೆ ದೊರೆಯುವುದಿಲ್ಲ. ಹೀಗಾಗಿ ಹೊರಗಿನ ಗೇಟ್‌ವೇ ಮೂಲಕ ಬಂದ ಪ್ರತಿ ಪಾವತಿಯ ಮೇಲೆ ಮೂಲ ಯೋಜನೆಯಲ್ಲಿ ಶೇ. 2ರಷ್ಟನ್ನು ಶಾಪಿಫೈ ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತದೆ. ಮೇಲಿನ ಯೋಜನೆಗಳಲ್ಲಿ ಈ ಪ್ರಮಾಣ ಇಳಿಯುತ್ತದೆ, ಬಾಡಿಗೆ ಏರುತ್ತದೆ. ಕ್ಯಾಶ್ ಆನ್ ಡೆಲಿವರಿ ಆರ್ಡರುಗಳಿಗೆ ಮಾತ್ರ ಈ ಶುಲ್ಕ ತಾಗುವುದಿಲ್ಲ.

ನಿಮ್ಮ 1,20,000 ರೂಪಾಯಿಯೂ ಗೇಟ್‌ವೇ ಮೂಲಕವೇ ಬಂದಿತೆಂದುಕೊಂಡರೆ ಆ ಶುಲ್ಕ ತಿಂಗಳಿಗೆ 2,400 ರೂಪಾಯಿ. ತಿಂಗಳ ಬಾಡಿಗೆ ಎರಡು ಸಾವಿರದ ಸುಮಾರು. ಇದರ ಮೇಲೆ ಆ್ಯಪ್‌ಗಳ ಬಾಡಿಗೆ: ಫಾಲ್ ಮತ್ತು ಪಿಕೊ ಬೇಕೇ, ರವಿಕೆ ಹೊಲಿಸಬೇಕೇ ಎಂದು ಗಿರಾಕಿಯನ್ನು ಕೇಳಿ ಅದರ ಹಣ ಸೇರಿಸುವಂಥ ಸಣ್ಣ ಕೆಲಸಕ್ಕೂ ಸಾಮಾನ್ಯವಾಗಿ ಒಂದು ಆ್ಯಪ್ ಹಾಕಬೇಕಾಗುತ್ತದೆ. ಒಟ್ಟು ಐದರಿಂದ ಆರು ಸಾವಿರ ಎಂದಿಟ್ಟುಕೊಳ್ಳಿ. ಇತ್ತ ವೂಕಾಮರ್ಸ್ ಉಚಿತವೇನೋ ಹೌದು, ಆದರೆ ತಕ್ಕಮಟ್ಟಿನ ಹೋಸ್ಟಿಂಗ್ (ಬಾಡಿಗೆಯ ಸರ್ವರ್), ವರ್ಷಕ್ಕೊಮ್ಮೆ ಹಣ ಕೊಟ್ಟು ನವೀಕರಿಸಬೇಕಾದ ಒಂದೆರಡು ಪ್ಲಗಿನ್, ಮತ್ತು ಅಪ್‌ಡೇಟ್ ಹಾಗೂ ಬ್ಯಾಕಪ್ ನೋಡಿಕೊಳ್ಳುವ ಒಬ್ಬರಿಗೆ ತಿಂಗಳಿಗೆ ನಾಲ್ಕೈದು ಸಾವಿರ ಕೊಟ್ಟರೆ ಮೊತ್ತ ಅಲ್ಲಿಗೇ ಬಂದು ನಿಲ್ಲುತ್ತದೆ. ಆ ನಾಲ್ಕೈದು ಸಾವಿರ ನಾನು ಊಹಿಸಿದ ಅಂಕಿ, ನಿಮ್ಮ ಊರಿನ ದರವನ್ನು ವಿಚಾರಿಸಿ ಅಲ್ಲಿ ಹಾಕಿಕೊಳ್ಳಿ. ಮುಖ್ಯ ವ್ಯತ್ಯಾಸ ಮುಂದೆ ಕಾಣುತ್ತದೆ. ವಹಿವಾಟು ತಿಂಗಳಿಗೆ ಐದು ಲಕ್ಷಕ್ಕೆ ಏರಿದರೆ ಶೇ. 2 ಎಂದರೆ 10,000 ರೂಪಾಯಿ, ಆದರೆ ಅಪ್‌ಡೇಟ್ ನೋಡಿಕೊಳ್ಳುವವರ ಸಂಬಳ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಸಣ್ಣ ವ್ಯಾಪಾರಕ್ಕೆ ಬಾಡಿಗೆಯ ತಂತ್ರಾಂಶ ಅಗ್ಗ, ಬೆಳೆದ ವ್ಯಾಪಾರಕ್ಕೆ ಮುಕ್ತ ತಂತ್ರಾಂಶ ಅಗ್ಗ. "ಉಚಿತ" ಎಂಬ ಮಾತು ಕೇಳಿ ಮೊದಲೇ ಜಿಗಿದವರಿಗೆ ಈ ಲೆಕ್ಕ ತಲೆಕೆಳಗಾಗಿ ಅನುಭವಕ್ಕೆ ಬರುತ್ತದೆ.

ನಿಮ್ಮ ತಮ್ಮನ ಮಗನ ಬಗ್ಗೆ ಒಂದು ಮಾತು, ತಪ್ಪು ತಿಳಿಯಬೇಡಿ. ಅವನು ಜಾಣನೇ ಇರಬಹುದು, ಆದರೆ ಓದು ಮುಗಿದ ಮೇಲೆ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋಗುತ್ತಾನೆ. ಆನ್‌ಲೈನ್ ಅಂಗಡಿಯನ್ನು ಕಟ್ಟುವುದಕ್ಕೆ ಒಂದು ದಸರಾ ರಜೆ ಸಾಕು, ಅಂಗಡಿ ಇರುವಷ್ಟು ಕಾಲವೂ ಅದನ್ನು ಕಾಯಬೇಕು. ಕಾಯುವುದೆಂದರೆ ಏನೆಂಬುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. 2021ರ ಜುಲೈನಲ್ಲಿ ವೂಕಾಮರ್ಸ್‌ನಲ್ಲಿಯೇ ಗಂಭೀರವಾದ ಭದ್ರತಾ ದೋಷ ಕಂಡುಬಂತು. ತಯಾರಕರು ಹಳೆಯ ಹತ್ತಾರು ಆವೃತ್ತಿಗಳಿಗೂ ತೇಪೆ (ದೋಷ ಮುಚ್ಚುವ ತಿದ್ದುಪಡಿ) ಸಿದ್ಧಪಡಿಸಿ, ಸಾಧ್ಯವಿದ್ದ ತಾಣಗಳಿಗೆಲ್ಲ ತಾವೇ ತಳ್ಳಿದರು. ಮಜೆಂಟೊ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಮೊದಲ ಪೀಳಿಗೆಗೆ 2020ರ ಜೂನ್ ಕೊನೆಗೆ ಬೆಂಬಲ ನಿಂತಿತು. ಆಮೇಲೂ ಅದನ್ನೇ ಬಳಸುತ್ತಿದ್ದ ಸುಮಾರು ಎರಡು ಸಾವಿರ ಅಂಗಡಿಗಳಿಗೆ ಅದೇ ಸೆಪ್ಟೆಂಬರಿನ ಒಂದು ವಾರಾಂತ್ಯದಲ್ಲಿ ಕನ್ನ ಬಿತ್ತು. ಹಾಗೆಂದು ಹಣ ಕೊಟ್ಟರೆ ಸುರಕ್ಷಿತ ಎಂದೂ ಹೇಳಲಾಗದು. 2024ರಲ್ಲಿ ಬಯಲಾದ ಕಾಸ್ಮಿಕ್‌ಸ್ಟಿಂಗ್ ದೋಷ ಮಜೆಂಟೊದ ಮುಕ್ತ ಆವೃತ್ತಿಯಲ್ಲಿಯೂ ಇತ್ತು, ಅಡೋಬಿ ಮಾರುವ ಅದರ ದುಬಾರಿ ಆವೃತ್ತಿಯಲ್ಲಿಯೂ ಇತ್ತು. ತೇಪೆಯನ್ನು ತಡವಾಗಿ ಹಾಕಿದವರಿಗೆ ಪರವಾನಗಿಯ ಬೆಲೆ ರಕ್ಷಣೆ ಕೊಡಲಿಲ್ಲ. ಶಾಪಿಫೈಯಂಥ ಬಾಡಿಗೆ ಸೇವೆಯಲ್ಲಿ ತಂತ್ರಾಂಶಕ್ಕೆ ತೇಪೆ ಹಾಕುವುದು ಅವರ ಕೆಲಸ. ನಿಮ್ಮ ಪಾಲಿಗೆ ಉಳಿಯುವುದು ಪಾಸ್‌ವರ್ಡನ್ನು ಜೋಪಾನ ಮಾಡುವುದು, ಕಂಡಕಂಡ ಆ್ಯಪ್‌ಗಳಿಗೆ ಅನುಮತಿ ಕೊಡದಿರುವುದು.

ಭಾರತದಲ್ಲಿ ಕಾರ್ಡಿನ ಸಂಖ್ಯೆಯನ್ನು ವ್ಯಾಪಾರಿ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. 2022ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಈ ನಿಯಮ ಜಾರಿಯಲ್ಲಿದೆ. ಆದರೂ ನಿಮ್ಮ ಗಿರಾಕಿಗಳ ಹೆಸರು, ಮನೆ ವಿಳಾಸ, ಮೊಬೈಲ್ ಸಂಖ್ಯೆ, ಅವರು ಏನು ಕೊಂಡರೆಂಬ ವಿವರ ನಿಮ್ಮ ತಾಣದಲ್ಲಿರುತ್ತವೆ. "ನಿಮ್ಮ ಸೀರೆಯ ಪಾರ್ಸಲ್ ತಡೆದಿದ್ದೇವೆ, ಈ ಲಿಂಕಿಗೆ ಹಣ ಹಾಕಿ" ಎಂದು ವಂಚಕರು ಫೋನ್ ಮಾಡುವುದಕ್ಕೆ ಅಷ್ಟೇ ಸಾಕು.

ಹೊರಡುವ ದಾರಿಯ ವಿಷಯಕ್ಕೆ ಬರೋಣ, ಮುಕ್ತ ತಂತ್ರಾಂಶದ ನಿಜವಾದ ಬಲ ಇರುವುದು ಇಲ್ಲಿ. ಈಬೇ ಒಡೆತನದಲ್ಲಿದ್ದ ಮಜೆಂಟೊ ಗೊ ಮತ್ತು ಪ್ರೊಸ್ಟೋರ್ಸ್ ಎಂಬ ಎರಡು ಬಾಡಿಗೆ ಸೇವೆಗಳು 2015ರ ಫೆಬ್ರವರಿ 1ರಂದು ಮುಚ್ಚಿದವು. ಅಮೆಜಾನಿನ ವೆಬ್‌ಸ್ಟೋರ್ 2016ರಲ್ಲಿ ಮುಚ್ಚಿತು. ಇವು ಯಾವುವೂ ಗಲ್ಲಿಯ ಕಂಪನಿಗಳಲ್ಲ. ಅವುಗಳಲ್ಲಿ ಅಂಗಡಿ ಇಟ್ಟವರು ಕೊಟ್ಟ ಗಡುವಿನೊಳಗೆ ಗಂಟುಮೂಟೆ ಕಟ್ಟಬೇಕಾಯಿತು. ಮುಕ್ತ ತಂತ್ರಾಂಶಕ್ಕೆ ಈ ಗತಿ ಹೀಗೆ ಒಮ್ಮೆಗೇ ಬರುವುದಿಲ್ಲ: ಮಜೆಂಟೊದ ಮೊದಲ ಪೀಳಿಗೆಯನ್ನು ಮೂಲ ತಯಾರಕರು ಕೈಬಿಟ್ಟ ಮೇಲೂ ಓಪನ್‌ಮೇಜ್ ಎಂಬ ಹೆಸರಿನಲ್ಲಿ ಬೇರೆಯವರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ಆದರೆ ಮುಕ್ತ ಲೋಕವೂ ಜಗಳಗಳಿಂದ ಮುಕ್ತವಲ್ಲ. 2024ರ ಸೆಪ್ಟೆಂಬರಿನಲ್ಲಿ ವರ್ಡ್‌ಪ್ರೆಸ್‌ನ ಸಹಸ್ಥಾಪಕರಿಗೂ ಡಬ್ಲ್ಯೂಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ಮನಸ್ತಾಪ ಹತ್ತಿ, ಆ ಕಂಪನಿಯ ಸರ್ವರುಗಳಲ್ಲಿದ್ದ ತಾಣಗಳಿಗೆ ಪ್ಲಗಿನ್ ಅಪ್‌ಡೇಟ್ ಸಿಗುವ ದಾರಿ ಕೆಲಕಾಲ ಬಂದ್ ಆಗಿತ್ತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ನಡುವೆ ಸಿಕ್ಕವರು ಜಗಳಕ್ಕೆ ಸಂಬಂಧವೇ ಇಲ್ಲದ ವ್ಯಾಪಾರಿಗಳು.

ಶಾಪಿಫೈ ಬಿಟ್ಟು ಹೊರಡುವಾಗ ಸರಕಿನ ಪಟ್ಟಿ, ಗಿರಾಕಿಗಳ ಪಟ್ಟಿ, ಆರ್ಡರುಗಳ ಇತಿಹಾಸ ಮೂರನ್ನೂ ಸಿಎಸ್‌ವಿ ಕಡತಗಳಾಗಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿಗಳಾಗಿ) ಇಳಿಸಿಕೊಳ್ಳಬಹುದು. ಥೀಮ್ ಬೇರೆಡೆ ನಡೆಯುವುದಿಲ್ಲ. ಗಿರಾಕಿಗಳ ಪಾಸ್‌ವರ್ಡ್ ಬರುವುದಿಲ್ಲ. ಗಿರಾಕಿಗಳು ಬರೆದ ವಿಮರ್ಶೆಗಳು ಯಾವುದೋ ಆ್ಯಪಿನಲ್ಲಿದ್ದರೆ ಅವುಗಳನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಪುಟಗಳ ವಿಳಾಸವೂ ಬದಲಾಗುತ್ತದೆ. ಶಾಪಿಫೈಯಲ್ಲಿ ಸರಕಿನ ವಿಳಾಸದ ನಡುವೆ "ಪ್ರಾಡಕ್ಟ್ಸ್" ಎಂಬ ಬಹುವಚನ ಕಡ್ಡಾಯ, ವೂಕಾಮರ್ಸ್‌ನಲ್ಲಿ ನೀವು ಬದಲಾಯಿಸದಿದ್ದರೆ ಅಲ್ಲಿ ಏಕವಚನ ಇರುತ್ತದೆ. ಹಳೆಯ ವಿಳಾಸದಿಂದ ಹೊಸದಕ್ಕೆ ಶಾಶ್ವತ ಮರುನಿರ್ದೇಶನ ಹಾಕದಿದ್ದರೆ ಗೂಗಲ್‌ನಲ್ಲಿ ಗಳಿಸಿದ ಸ್ಥಾನ ಕೈತಪ್ಪುತ್ತದೆ. ಆದ್ದರಿಂದ ಬಾಡಿಗೆಯ ತಂತ್ರಾಂಶ ತೆಗೆದುಕೊಳ್ಳಿ ಎನ್ನುವಾಗ ನನ್ನ ಷರತ್ತುಗಳೂ ಇವೆ. ಡೊಮೈನ್ ಹೆಸರನ್ನು, ಅಂದರೆ ತಾಣದ ವಿಳಾಸವನ್ನು, ಶಾಪಿಫೈ ಮೂಲಕವಾಗಲಿ, ತಾಣ ಕಟ್ಟಿಕೊಡುವವರ ಹೆಸರಿನಲ್ಲಾಗಲಿ ಕೊಳ್ಳದೆ ಪ್ರತ್ಯೇಕ ನೋಂದಣಿ ಸಂಸ್ಥೆಯಲ್ಲಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ಮೊಬೈಲ್ ಕೊಟ್ಟು ನೋಂದಾಯಿಸಿ. ಪೇಮೆಂಟ್ ಗೇಟ್‌ವೇ ಮತ್ತು ಕೊರಿಯರ್ ಖಾತೆಗಳೂ ನೇರವಾಗಿ ನಿಮ್ಮವೇ ಆಗಿರಲಿ. ಸೀರೆಗಳ ಮೂಲ ಚಿತ್ರಗಳನ್ನು ಸೀರೆಯ ಸಂಖ್ಯೆಯ ಹೆಸರಿನಲ್ಲಿ ನಿಮ್ಮ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಮೇಲೆ ಹೇಳಿದ ಮೂರೂ ಸಿಎಸ್‌ವಿ ಕಡತಗಳನ್ನು ತಿಂಗಳಿಗೊಮ್ಮೆ ಇಳಿಸಿಕೊಳ್ಳಿ.

ನೀವು ಕೇಳದಿದ್ದರೂ ಭಾಷೆಯ ವಿಷಯ ಹೇಳಲೇಬೇಕು. ಗಿರಾಕಿಗಳು ಕನ್ನಡ ಮತ್ತು ಮರಾಠಿ ಓದುವವರಾದ್ದರಿಂದ ತಾಣವೂ ಆ ಭಾಷೆಗಳಲ್ಲಿರಬೇಕು ಎಂದು ಇವತ್ತಲ್ಲ ನಾಳೆ ಅನಿಸುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸವೂ ಕನ್ನಡದಲ್ಲಿಯೇ ಸಿದ್ಧವಾಗುತ್ತದೆ. ಆದರೆ ಒಳಗೆ ಪ್ರತಿಯೊಂದು ಕನ್ನಡ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ, ವಿಳಾಸಕ್ಕಿರುವ ಮಿತಿ 200 ಚಿಹ್ನೆಗಳು. ಕಾಗುಣಿತದ ಗುರುತು, ಒತ್ತಕ್ಷರ ಮೂಡಿಸುವ ವಿರಾಮದ ಗುರುತು ಎಲ್ಲ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುವುದರಿಂದ ಇಪ್ಪತ್ತೆರಡು ಸಂಕೇತಗಳ ಆಸುಪಾಸಿನಲ್ಲಿ ವಿಳಾಸ ತುಂಡಾಗುತ್ತದೆ. ಹೀಗಾಗಿ ವಿಳಾಸವನ್ನು ರೋಮನ್ ಲಿಪಿಯಲ್ಲಿ ನೀವೇ ಚಿಕ್ಕದಾಗಿ ಬರೆದುಬಿಡುವುದು ಲೇಸು. ಬಿಲ್ಲಿನ ಪಿಡಿಎಫ್ ಇನ್ನೊಂದು ಗೋಳು. ವೂಕಾಮರ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಬಿಲ್ ಪ್ಲಗಿನ್ ಡಾಂಪಿಡಿಎಫ್ ಎಂಬ ಸಾಧನವನ್ನು ನಂಬಿದೆ. ಅದಕ್ಕೆ ಭಾರತೀಯ ಲಿಪಿಗಳ ಒತ್ತಕ್ಷರ ಜೋಡಿಸಲು ಬರುವುದಿಲ್ಲ, ನಿಮ್ಮ ಅಂಗಡಿಯ ಹೆಸರೇ ಚೂರುಚೂರಾಗಿ ಅಚ್ಚಾಗುತ್ತದೆ. ಎಂಪಿಡಿಎಫ್ ಬಳಸಿದರೆ ಅಕ್ಷರ ಸರಿಯಾಗಿ ಮೂಡುತ್ತದೆ. ಮುಕ್ತ ತಂತ್ರಾಂಶವಾದ್ದರಿಂದ ಆ ಭಾಗವನ್ನು ಬದಲಿಸಿಕೊಳ್ಳಲು ಸಾಧ್ಯ ಎಂಬುದು ಅದರ ಹೆಚ್ಚುಗಾರಿಕೆ. ಬಾಡಿಗೆಯ ಸೇವೆಯಲ್ಲಿ ಅಂಥದೇ ತೊಂದರೆ ಬಂದರೆ ಬೇರೆ ಆ್ಯಪ್ ಹುಡುಕಬೇಕು ಅಥವಾ ಕಾಯಬೇಕು. ಶಾಪಿಫೈಯಲ್ಲಿ ಹಣ ಕಟ್ಟುವ ಪುಟದ ವಿನ್ಯಾಸವನ್ನು ಮನಬಂದಂತೆ ಬದಲಿಸುವ ಸ್ವಾತಂತ್ರ್ಯವೂ ಇಲ್ಲ. ಇದ್ದಷ್ಟು ಅವಕಾಶದ ಬಹುಪಾಲು ದುಬಾರಿಯಾದ ಪ್ಲಸ್ ಯೋಜನೆಯವರಿಗೇ ಮೀಸಲು.

ತೆರಿಗೆ ಮತ್ತು ಕಾನೂನು ಆಯ್ಕೆಯನ್ನು ಬದಲಿಸುವುದಿಲ್ಲವಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಕರ್ನಾಟಕದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ, ಮಹಾರಾಷ್ಟ್ರದ ಗಿರಾಕಿಗೆ ಐಜಿಎಸ್‌ಟಿ. ಗಿರಾಕಿಯ ರಾಜ್ಯವನ್ನು ನೋಡಿ ಇವನ್ನು ಬೇರ್ಪಡಿಸುವಂತೆ ಎರಡೂ ತಂತ್ರಾಂಶಗಳನ್ನು ಹೊಂದಿಸಬಹುದು. ಹೊರರಾಜ್ಯದ ಮಾರಾಟಕ್ಕೆ ನೋಂದಣಿಯ ನಿಯಮ ಬೇರೆ ಇರುವುದರಿಂದ ಅಂಗಡಿ ತೆರೆಯುವ ಮೊದಲೇ ನಿಮ್ಮ ತೆರಿಗೆ ಸಲಹೆಗಾರರನ್ನು ಕೇಳಿ. 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ತಾಣದಲ್ಲಿರಬೇಕು, ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಅಧಿಕಾರಿ ನೀವೇ ಆಗಿರಬಹುದು.

ಬೇರೆ ಹೆಸರುಗಳೂ ನಿಮ್ಮ ಕಿವಿಗೆ ಬಿದ್ದಾವು. ಮಜೆಂಟೊ ನಿಮ್ಮ ಗಾತ್ರದ ಅಂಗಡಿಗೆ ಖಂಡಿತ ಬೇಡ, ಅದನ್ನು ಸಾಕುವುದಕ್ಕೆ ಒಂದು ತಂಡವೇ ಬೇಕು. ಪ್ರೆಸ್ಟಾಶಾಪ್ ಮತ್ತು ಓಪನ್‌ಕಾರ್ಟ್ ಕೆಟ್ಟವಲ್ಲ, ಆದರೆ ಉತ್ತರ ಕರ್ನಾಟಕದಲ್ಲಿ ವರ್ಡ್‌ಪ್ರೆಸ್ ಬಲ್ಲವರು ಸಿಕ್ಕಷ್ಟು ಸುಲಭವಾಗಿ ಅವುಗಳನ್ನು ಬಲ್ಲವರು ಸಿಗುವುದಿಲ್ಲ. ನಮ್ಮ ದೇಶದ್ದೇ ಬೇಕೆಂದರೆ ಮುಕ್ತ ತಂತ್ರಾಂಶದಲ್ಲಿ ಬಗಿಸ್ಟೊ, ಬಾಡಿಗೆಯದರಲ್ಲಿ ಜೊಹೊ ಕಾಮರ್ಸ್ ಇವೆ. ಎರಡನೆಯದನ್ನು ಶಾಪಿಫೈಯ ಜೊತೆಗಿಟ್ಟು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಅದರ ಬೆಲೆಪಟ್ಟಿಯಲ್ಲಿ ಪ್ರತಿ ಮಾರಾಟದ ಮೇಲೆ ಶುಲ್ಕವಿದೆಯೇ ಎಂಬುದನ್ನು ಮೊದಲು ನೋಡಿ.

ಒಂದು ಸನ್ನಿವೇಶದಲ್ಲಿ ಮಾತ್ರ ನಾನು ಈಗಲೇ ವೂಕಾಮರ್ಸ್ ಎನ್ನುತ್ತೇನೆ: ಇಳಕಲ್ಲಿನಲ್ಲಿಯೋ ಬಾಗಲಕೋಟೆಯಲ್ಲಿಯೋ ನಾಲ್ಕಾರು ಅಂಗಡಿಗಳ ತಾಣಗಳನ್ನು ಈಗಾಗಲೇ ನೋಡಿಕೊಳ್ಳುತ್ತಿರುವ ಒಬ್ಬರು ಸಿಕ್ಕಿ, ವರ್ಷದ ಕರಾರಿಗೆ ಒಪ್ಪಿದರೆ. ಅವರನ್ನು ಆರಿಸುವಾಗ ಹಿಂದೆ ಮಾಡಿದ ತಾಣಗಳ ಅಂದ ನೋಡುವ ಬದಲು, ಅವುಗಳಲ್ಲಿ ಒಂದರ ನಿನ್ನೆಯ ಬ್ಯಾಕಪ್ಪನ್ನು ಬೇರೊಂದು ಸರ್ವರಿನಲ್ಲಿ ನಿಮ್ಮ ಎದುರಿಗೇ ಎಬ್ಬಿಸಿ ತೋರಿಸಲು ಕೇಳಿ. ಆ ಅಂಗಡಿಯವರ ಒಪ್ಪಿಗೆ ಪಡೆದು ಅರ್ಧ ದಿನದಲ್ಲಿ ತೋರಿಸಿದರೆ ಕರಾರು ಮಾಡಿಕೊಳ್ಳಿ. ತೋರಿಸಲಾಗದಿದ್ದರೆ ಶಾಪಿಫೈಯ ತಿಂಗಳ ಯೋಜನೆಯಲ್ಲಿ ಶುರುಮಾಡಿ. ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಸಿಗುತ್ತದೆ ನಿಜ, ಆದರೆ ದೀಪಾವಳಿಯ ಒಂದು ಹಂಗಾಮನ್ನು ಅದರಲ್ಲಿ ನಡೆಸಿ ನೋಡುವ ತನಕ ಅದು ಬೇಡ.